ನಾಯಿ ಬೊಗಳಿತು, ಬಂದವರು ಯಾರು?



ಹೋದ ಬೇಸಗೆಯ ಒಂದು ರಾತ್ರಿ. ನಮ್ಮೂರ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಪ್ರಸಂಗ ದೇವೀಮಹಾತ್ಮೆ. ನಿದ್ದೆಗೆ ಜಾರಿದ್ದ ಮಕ್ಕಳನ್ನು ತಾಯಂದಿರು ತಟ್ಟಿ ಎಬ್ಬಿಸುತ್ತಿದ್ದರು. ಮಹಿಷಾಸುರ ಬರುವ ಹೊತ್ತು. ಅವನು ಉಳಿದ ವೇಷಗಳ ಹಾಗೆ ಸುಮ್ಮನೆ ರಂಗಸ್ಥಳಕ್ಕೆ ಬರುವವನಲ್ಲ. ಜನರ ಬೆನ್ನ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ, ಅಬ್ಬರಿಸುತ್ತಾ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚುತ್ತಾರೆ. ಬೆಂಕಿ ಭಗ್ಗೆಂದು ಏಳುತ್ತದೆ. ಚೆಂಡೆಯನ್ನು ನಮ್ಮ ಎದೆಯ ಮೇಲೆಯೇ ಇಟ್ಟು ಬಾರಿಸಿದ ಹಾಗೆ ಕೇಳುತ್ತದೆ.

ಸರಿಯಾಗಿ ಆ ಗಳಿಗೆಯಲ್ಲಿ ನನ್ನ ಎಡಗೈ ಮಣಿಕಟ್ಟು ಗುಂಯ್ ಎಂದಿತು. ಮಗ ಕೊಡಿಸಿದ ಸ್ಮಾರ್ಟ್ ವಾಚು. ಅದರ ಮೇಲೆ ಒಂದು ಸಂದೇಶ. ‘ನಿಮ್ಮ ಒತ್ತಡ ಹೆಚ್ಚಾಗಿದೆ. ಒಂದು ನಿಮಿಷ ನಿಧಾನವಾಗಿ ಉಸಿರಾಡಿ.’

ಪಕ್ಕದ ಕುರ್ಚಿಯವರು ಕೇಳಿದರು, “ಎಂತ ಡಾಕ್ಟ್ರೇ, ಫೋನಾ?”

“ಅಲ್ಲ ಮಾರಾಯ್ರೇ, ವಾಚು. ನನಗೆ ಒತ್ತಡ ಜಾಸ್ತಿ ಆಗಿದೆಯಂತೆ.”

“ಮಹಿಷಾಸುರ ಬರುವಾಗ ಆಗದೆ ಮತ್ತೆ ಯಾವಾಗ ಆಗುವುದು?” ಎಂದು ಅವರು ನಕ್ಕರು.

ಇದಾಗಿ ಮೂರು ವಾರ ಕಳೆದಿರಬೇಕು. ನನ್ನ ಬಾಲ್ಯದ ಗೆಳೆಯನೊಬ್ಬ ತೀರಿಕೊಂಡ. ಆ ಸಂಜೆ ಅವನ ಮನೆಯ ಜಗಲಿಯಲ್ಲಿ ಕೂತಿದ್ದೆ. ಮಾತಿಲ್ಲ, ಕತೆಯಿಲ್ಲ. ಯಾರೋ ತಂದಿಟ್ಟ ಕಾಫಿ ಹಾಗೆಯೇ ತಣಿಯಿತು. ರಾತ್ರಿ ಮನೆಗೆ ಬಂದು ವಾಚು ಬಿಚ್ಚುವಾಗ ಅದರ ದಿನದ ವರದಿ ಕಣ್ಣಿಗೆ ಬಿತ್ತು. ‘ಇಂದು ನೀವು ಶಾಂತವಾಗಿದ್ದಿರಿ.’

ಸಂತೋಷದಲ್ಲಿ ಕುಣಿಯುತ್ತಿದ್ದವನಿಗೆ ಒತ್ತಡ ಎಂದಿತು. ದುಃಖದಲ್ಲಿ ಕಲ್ಲಾಗಿ ಕೂತವನಿಗೆ ಶಾಂತಿ ಎಂದಿತು. ಹಾಗಾದರೆ ಈ ವಾಚು ಅಳೆಯುವುದು ಏನನ್ನು? ಇವತ್ತಿನ ನನ್ನ ಮಾತು ಇದೊಂದೇ ಪ್ರಶ್ನೆಯ ಸುತ್ತ.

ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು ನಾನು. ಆದರೂ ಪಾಠದಿಂದ ಶುರುಮಾಡುವುದಿಲ್ಲ. ನಾಯಿಯಿಂದ ಶುರುಮಾಡುತ್ತೇನೆ.

ರಾತ್ರಿ ನೀವು ಒಳಕೋಣೆಯಲ್ಲಿ ಮಲಗಿದ್ದೀರಿ. ಅಂಗಳದಲ್ಲಿ ನಾಯಿ ಬೊಗಳಿತು. ಬಂದವನು ಕಳ್ಳನೋ, ಕೊನೆಯ ಬಸ್ಸಿಗೆ ಬಂದ ಅಳಿಯನೋ, ಬೇಲಿ ದಾಟಿದ ಬೆಕ್ಕೋ? ಬೊಗಳುವ ಸದ್ದಿನಿಂದ ಅದು ತಿಳಿಯದು. ಯಾರೋ ಬಂದಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತದೆ. ನಮ್ಮ ದೇಹ ಆ ನಾಯಿ. ಮಣಿಕಟ್ಟಿನ ವಾಚು ಒಳಕೋಣೆಯಲ್ಲಿ ಕಿವಿಗೊಟ್ಟು ಮಲಗಿದವರು. ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮೊದಲಿಗೆ, ನಾಯಿ ಬೊಗಳುವುದು ಹೇಗೆ ಎಂದು ನೋಡೋಣ.

ನಮ್ಮ ಇಚ್ಛೆಗೆ ಕಾಯದೆ ಕೆಲಸ ಮಾಡುವ ಎರಡು ನರಜಾಲಗಳು ದೇಹದಲ್ಲಿವೆ. ಒಂದು ಎಬ್ಬಿಸುವುದು, ಇನ್ನೊಂದು ತಣಿಸುವುದು. ಎತ್ತಿನ ಗಾಡಿಯವನಿಗೆ ಬಾರುಕೋಲೂ ಇದೆ, ಮೂಗುದಾರವೂ ಇದೆಯಲ್ಲ, ಹಾಗೆ. ಬಾರುಕೋಲು ಬೀಸಿದರೆ ಹೃದಯ ಜೋರಾಗಿ ಬಡಿಯುತ್ತದೆ. ಉಸಿರು ಚುರುಕಾಗುತ್ತದೆ. ಅಂಗೈ ಬೆವರುತ್ತದೆ. ಬೆರಳ ತುದಿ ತಣ್ಣಗಾಗುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಓಡುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಇದನ್ನು ವಿವರವಾಗಿ ಅಭ್ಯಸಿಸಿದರು. ಈ ಕುರಿತ ಅವರ ಪುಸ್ತಕ ಬಂದದ್ದು 1915ರಲ್ಲಿ. ಎದುರಿಗೆ ಅಪಾಯ ಬಂದಾಗ ಪ್ರಾಣಿಗೆ ಎರಡೇ ದಾರಿ. ಕಾದಾಡಬೇಕು, ಇಲ್ಲವೇ ಓಡಬೇಕು. ಎರಡಕ್ಕೂ ದೇಹ ಮಾಡಿಕೊಳ್ಳುವ ತಯಾರಿ ಮಾತ್ರ ಒಂದೇ.

ಇಪ್ಪತ್ತು ವರ್ಷಗಳ ಮೇಲೆ, 1936ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು. ಅವರು ಇಲಿಗಳನ್ನು ಪರೀಕ್ಷಿಸಿದ್ದರು. ಕೆಲವು ಇಲಿಗಳಿಗೆ ಚಳಿ. ಕೆಲವಕ್ಕೆ ಗಾಯ. ಕೆಲವಕ್ಕೆ ಅತಿಯಾದ ದಣಿವು, ಇನ್ನು ಕೆಲವಕ್ಕೆ ವಿಷ. ಕಾಟ ಬೇರೆ ಬೇರೆ. ದೇಹದೊಳಗಿನ ಪರಿಣಾಮ ಮಾತ್ರ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಇದಕ್ಕೆ ‘ಸ್ಟ್ರೆಸ್’ ಎಂಬ ಹೆಸರು ಅಂಟಿದ್ದು ಆಮೇಲೆ. ಮುಂದೆ ಸೆಲ್ಯೆಯವರೇ ಒಳ್ಳೆಯ ಒತ್ತಡ ಬೇರೆ, ಕೆಟ್ಟ ಒತ್ತಡ ಬೇರೆ ಎಂದು ಬಿಡಿಸಿ ಹೇಳಬೇಕಾಯಿತು.

ಗಮನಿಸಿದಿರಾ? ಒತ್ತಡದ ವಿಜ್ಞಾನ ಹುಟ್ಟಿದ್ದೇ ಈ ಮಾತಿನಿಂದ. ಕಾರಣ ಯಾವುದಾದರೂ ದೇಹದ ಉತ್ತರ ಒಂದೇ. ನಾಯಿಗೆ ಇರುವುದು ಒಂದೇ ಬೊಗಳು.

ಇಲ್ಲಿಯವರೆಗೆ ದೇಹದ ಬೊಗಳು ಏನೆಂದು ನೋಡಿದೆವು. ಇನ್ನು, ವಾಚು ಅದನ್ನು ಕೇಳಿಸಿಕೊಳ್ಳುವುದು ಹೇಗೆ? ಅದಕ್ಕೆ ಮುಖ್ಯವಾಗಿ ಎರಡು ಕಿವಿಗಳಿವೆ. ಒಂದು ಬೆಳಕಿನದು, ಇನ್ನೊಂದು ಬೆವರಿನದು.

ವಾಚನ್ನು ಬಿಚ್ಚಿ ಬೆನ್ನು ಮೇಲೆ ಮಾಡಿದರೆ ಹಸಿರು ದೀಪ ಮಿಣಿಮಿಣಿ ಎನ್ನುವುದು ಕಾಣುತ್ತದೆ. ನೆತ್ತರು ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಮ್ಮೆ ಒತ್ತಿದಾಗ ಮಣಿಕಟ್ಟಿನ ಕಿರುನಾಳಗಳಲ್ಲಿ ರಕ್ತ ತುಸು ಹೆಚ್ಚುತ್ತದೆ. ಆಗ ಮರಳಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ವಾಚು ಸೆಕೆಂಡಿಗೆ ಹತ್ತಾರು ಸಲ ಅಳೆದು ನಾಡಿ ಎಣಿಸುತ್ತದೆ.

ಇದು ಸುಲಭಕ್ಕೆ ಬಂದದ್ದಲ್ಲ. ಓಡಾಡುವ ಮನುಷ್ಯನ ಹೃದಯದ ದಾಖಲೆಯನ್ನು ಮೊದಲು ತೆಗೆದವರಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಒಬ್ಬರು. 1940ರ ದಶಕದ ಮಾತು. ಅವರ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತು. ತೂಕ ಸುಮಾರು 38 ಕಿಲೊ. ಮುಕ್ಕಾಲು ಮೂಟೆ ಅಕ್ಕಿ ಹೊತ್ತ ಹಾಗೆ. ಹೃದಯದ ತಪಾಸಣೆಗೆ ಹೋದ ಕೆಲವರಿಗೆ ‘ಹೋಲ್ಟರ್ ಹಾಕೋಣ’ ಎಂದು ಇವತ್ತಿಗೂ ಡಾಕ್ಟರು ಹೇಳುತ್ತಾರಲ್ಲ, ಅದು ಇವರದೇ ಹೆಸರು.

ನಾಡಿಯ ವೇಗಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಅದನ್ನು ಹೇಳುವುದಕ್ಕಿಂತ ನಿಮ್ಮಿಂದಲೇ ಮಾಡಿಸುತ್ತೇನೆ. ಗಾಡಿ ಓಡಿಸುತ್ತಿರುವವರು ಬೇಡ. ಉಳಿದವರು ಎಡಗೈಯನ್ನು ಅಂಗಾತ ತೊಡೆಯ ಮೇಲಿಡಿ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿದು, ಅಲ್ಲಿ ಬಲಗೈಯ ಎರಡು ಬೆರಳು ಇಡಿ. ಮೆಲ್ಲಗೆ ಒತ್ತಿ. ನಾಡಿ ಸಿಕ್ಕಿತೇ? ಈಗ ನಿಧಾನವಾಗಿ ಉಸಿರೆಳೆದುಕೊಳ್ಳಿ. ನಿಧಾನವಾಗಿ ಬಿಡಿ. ಇನ್ನೊಮ್ಮೆ. ಎಳೆದುಕೊಳ್ಳುವಾಗ ನಾಡಿ ತುಸು ಅವಸರ ಮಾಡುತ್ತದೆ. ಬಿಡುವಾಗ ತುಸು ತಡೆಯುತ್ತದೆ. ಮನೆಯ ಹುಡುಗರ ಕೈ ಹಿಡಿದು ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ವಯಸ್ಸಾದ ಹಾಗೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ.

ಅಂದರೆ ಹೃದಯ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎನ್ನುವುದಿಲ್ಲ. ನಿಮಿಷಕ್ಕೆ 60 ಬಡಿತ ಎಂದರೆ ಸೆಕೆಂಡಿಗೆ ಒಂದರಂತೆ ಬಡಿಯಿತು ಎಂದಲ್ಲ. ಒಂದು ಬಡಿತ ಚೂರು ಬೇಗ, ಇನ್ನೊಂದು ಚೂರು ತಡ. ಇದು ತಣಿಸುವ ನರದ ಕೆಲಸ. ಅದರ ಹೆಸರು ವೇಗಸ್. ಮೂಗುದಾರ ಹಿಡಿದ ಕೈ ಆಗಾಗ ಸಡಿಲಿಸಿ ಆಗಾಗ ಎಳೆಯುವ ಹಾಗೆ. ಒತ್ತಡ ಬಂದಾಗ ಈ ಕೈ ಹಿಂದೆ ಸರಿಯುತ್ತದೆ. ಬಡಿತಗಳ ನಡುವಿನ ವ್ಯತ್ಯಾಸ ಕುಗ್ಗುತ್ತದೆ. ನಾಡಿ ಯಂತ್ರದಂತೆ ಸಮನಾಗುತ್ತದೆ. ಅನೇಕ ವಾಚುಗಳು ಕೊಡುವ ಒತ್ತಡದ ಅಂಕಿಯ ತಳದಲ್ಲಿ ಇರುವುದು ಮುಖ್ಯವಾಗಿ ಈ ಲೆಕ್ಕ.

ಎರಡನೆಯ ಕಿವಿ ಬೆವರಿನದು. ನಮ್ಮ ಚರ್ಮದಲ್ಲಿ ಸುಮಾರು 30 ಲಕ್ಷ ಬೆವರ ಗ್ರಂಥಿಗಳಿವೆ. ಅಂಗೈ, ಅಂಗಾಲುಗಳಲ್ಲಿ ಅವು ಒತ್ತೊತ್ತಾಗಿವೆ. ಬಿಸಿಲಿಗೆ ಬೆನ್ನು ಬೆವರುತ್ತದೆ, ಭಯಕ್ಕೆ ಅಂಗೈ. ಪರೀಕ್ಷೆಯ ಕೋಣೆಯಲ್ಲಿ ಪೆನ್ನು ಜಾರಿದ ನೆನಪು ಯಾರಿಗಿಲ್ಲ? ಬೆವರಲ್ಲಿ ಉಪ್ಪಿದೆ. ಉಪ್ಪುನೀರು ವಿದ್ಯುತ್ತಿಗೆ ದಾರಿ ಕೊಡುತ್ತದೆ. ಚರ್ಮದ ಮೇಲೆ ನಮಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತು ಹರಿಸಿ, ಅದು ಎಷ್ಟು ಸಲೀಸಾಗಿ ಹರಿಯಿತು ಎಂದು ನೋಡಿದರೆ ಒಳಗಿನ ತಳಮಳ ತಿಳಿಯುತ್ತದೆ. ಫ್ರಾನ್ಸಿನ ವೈದ್ಯ ಶಾರ್ಲ್ ಫೆರೆ ಇದನ್ನು ಕಂಡದ್ದು 1888ರಲ್ಲಿ. ಮನಸ್ಸು ಬೆಚ್ಚಿದ ಒಂದೆರಡು ಸೆಕೆಂಡಿಗೆ ಮುಳ್ಳು ಏರುತ್ತದೆ. ತೊಡಕೊಂದೇ. ಬೆವರು ಚೆನ್ನಾಗಿ ಮಾತಾಡುವುದು ಅಂಗೈಯಲ್ಲಿ, ನಾವು ವಾಚು ಕಟ್ಟುವುದು ಮಣಿಕಟ್ಟಿಗೆ. ಅಲ್ಲಿ ಅದರ ಧ್ವನಿ ಕ್ಷೀಣ.

ಇವೆರಡರ ಜೊತೆಗೆ ಚರ್ಮದ ಬಿಸಿ ನೋಡುವ ಸೆನ್ಸರು, ಕೈಯ ಅಲುಗಾಟ ತಿಳಿಯುವ ಸೆನ್ಸರು ಇರುವ ವಾಚುಗಳೂ ಇವೆ.

ಈಗ ಒಮ್ಮೆ ಹಿಂತಿರುಗಿ ನೋಡೋಣ. ಕಾರಣ ಹಲವಾದರೂ ದೇಹದ ಉತ್ತರ ಒಂದೇ ಎಂದೆವು. ಆ ಉತ್ತರವನ್ನು ವಾಚು ಬೆಳಕಿನಿಂದ, ಬೆವರಿನಿಂದ ಹಿಡಿಯುತ್ತದೆ ಎಂದೆವು. ಮುಂದಿನ ಪ್ರಶ್ನೆ. ನಾಡಿ, ಬೆವರುಗಳ ಲೆಕ್ಕಕ್ಕೆ ‘ಒತ್ತಡ’ ಎಂಬ ಹೆಸರು ಕೊಟ್ಟವರು ಯಾರು?

ಹೆಸರು ಬಂದದ್ದು ಪ್ರಯೋಗಶಾಲೆಯಿಂದ. ಅಲ್ಲಿ ಬೇಕೆಂದೇ ಒತ್ತಡ ಹುಟ್ಟಿಸುತ್ತಾರೆ. ಜರ್ಮನಿಯ ಟ್ರಿಯರ್ ನಗರದ ವಿಶ್ವವಿದ್ಯಾಲಯದವರು 1993ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ನಿಮ್ಮನ್ನು ಒಂದು ಕೋಣೆಗೆ ಕರೆಯುತ್ತಾರೆ. ಎದುರಿಗೆ ಪರೀಕ್ಷಕರು ಕೂತಿರುತ್ತಾರೆ. ಕೆಲಸದ ಸಂದರ್ಶನ ಎಂದುಕೊಂಡು ಐದು ನಿಮಿಷ ನಿಮ್ಮ ಬಗ್ಗೆ ಮಾತಾಡಬೇಕು. ಆಮೇಲೆ ಐದು ನಿಮಿಷ ಬಾಯಿಲೆಕ್ಕ. 1022ರಿಂದ 13 ಕಳೆಯಿರಿ. ಬಂದದ್ದರಿಂದ ಮತ್ತೆ 13. ಹೀಗೇ ಹೋಗಿ. 1009, 996, 983... ತಪ್ಪಿದರೆ ಮೊದಲಿನಿಂದ. ಇಷ್ಟೂ ಹೊತ್ತು ಪರೀಕ್ಷಕರು ನಗುವುದಿಲ್ಲ. ತಲೆಯಾಡಿಸುವುದಿಲ್ಲ. ಹೂಂ ಎನ್ನುವುದೂ ಇಲ್ಲ. ನಿಜವಾದ ಹಿಂಸೆ ಲೆಕ್ಕಕ್ಕಿಂತ ಆ ಮುಖಗಳದು. ಹೊರಗೆ ಬಂದವರ ಎಂಜಲು ತೆಗೆದು ನೋಡಿದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಎರಡರಿಂದ ನಾಲ್ಕು ಪಟ್ಟು ಏರಿತ್ತು.

2018ರಲ್ಲಿ ಜರ್ಮನಿಯ ಸಂಶೋಧಕರು 15 ಮಂದಿಯ ಎದೆಗೂ ಮಣಿಕಟ್ಟಿಗೂ ಸೆನ್ಸರ್ ಕಟ್ಟಿ ಇದೇ ಪರೀಕ್ಷೆಗೆ ಕೂರಿಸಿದರು. ಜೊತೆಗೆ ಅವರಿಗೆ ನಗೆಯ ತುಣುಕುಗಳನ್ನೂ ತೋರಿಸಿದರು. ಸೆನ್ಸರಿನ ದಾಖಲೆಯನ್ನು ಕಂಪ್ಯೂಟರಿಗೆ ಕೊಟ್ಟು, ಇದು ಒತ್ತಡವೋ ಅಲ್ಲವೋ ಹೇಳು ಎಂದರು. ನೂರಕ್ಕೆ 93ರಷ್ಟು ಸರಿ ಹೇಳಿತು. ಒತ್ತಡ ಯಾವುದು, ನಗು ಯಾವುದು, ಸುಮ್ಮನಿದ್ದದ್ದು ಯಾವುದು, ಮೂರನ್ನೂ ಬಿಡಿಸು ಎಂದರು. 80ಕ್ಕೆ ಇಳಿಯಿತು. ಅಳುವಿಗೂ ನಗುವಿಗೂ ಕಣ್ಣೀರು ಒಂದೇ ಅಲ್ಲವೇ? ಯಂತ್ರಕ್ಕೂ ಅಲ್ಲೇ ಗೊಂದಲ.

ಇದು ನಾಲ್ಕು ಗೋಡೆಯ ಒಳಗಿನ ಮಾತು. ಅಲ್ಲಿ ಬಂದವರು ಯಾರೆಂದು ಮೊದಲೇ ಗೊತ್ತು. ಪ್ರಯೋಗ ಮಾಡುವವರೇ ಕಳ್ಳನನ್ನು ಅಂಗಳಕ್ಕೆ ಬಿಟ್ಟಿದ್ದಾರೆ. ಹಾಗಾಗಿ ನಾಯಿ ಬೊಗಳಿದರೆ ಕಳ್ಳನಿಗೇ ಬೊಗಳಿತು ಎನ್ನಬಹುದು. ನಮ್ಮ ನಿಮ್ಮ ದಿನದಲ್ಲಿ ಹಾಗಲ್ಲ. ಮೆಟ್ಟಿಲು ಹತ್ತುತ್ತೇವೆ. ಸ್ಟ್ರಾಂಗ್ ಕಾಫಿ ಕುಡಿಯುತ್ತೇವೆ. ಜ್ವರ ಬರುತ್ತದೆ. ಕೊನೆಯ ಓವರಿನಲ್ಲಿ ಆರು ರನ್ ಬೇಕಿರುತ್ತದೆ. ಮೊಮ್ಮಗಳ ಭರತನಾಟ್ಯ ಇರುತ್ತದೆ. ನಾಯಿ ಎಲ್ಲದಕ್ಕೂ ಬೊಗಳುತ್ತದೆ.

ಹಾಗಾದರೆ ಹೊರಜಗತ್ತಿನಲ್ಲಿ ವಾಚಿನ ಅಂಕಿ ಎಷ್ಟು ನಿಜ? ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು ಸುಮಾರು 800 ವಿದ್ಯಾರ್ಥಿಗಳಿಗೆ ವಾಚು ಕಟ್ಟಿಸಿದರು. ಮೂರು ತಿಂಗಳು. ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಕೇಳಿದರು. ಈಗ ಹೇಗನಿಸುತ್ತಿದೆ, ಒತ್ತಡ ಇದೆಯೇ? 2025ರಲ್ಲಿ ಫಲಿತಾಂಶ ಬಂತು. ನಿದ್ರೆಯ ವಿಷಯದಲ್ಲಿ ವಾಚಿಗೂ ವಿದ್ಯಾರ್ಥಿಗಳ ಮಾತಿಗೂ ಅಷ್ಟಿಷ್ಟು ಹೊಂದಾಣಿಕೆ ಇತ್ತು. ಒತ್ತಡದ ವಿಷಯದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವಾಚು ಹೌದೆಂದಾಗ ಮನಸ್ಸು ಇಲ್ಲವೆಂದದ್ದುಂಟು. ಮನಸ್ಸು ಸಾಕಪ್ಪಾ ಎಂದಾಗ ವಾಚು ತೆಪ್ಪಗಿದ್ದದ್ದೂ ಉಂಟು. ನನ್ನ ಗೆಳೆಯನ ಜಗಲಿಯ ಸಂಜೆ ನೆನಪಾಯಿತು. ಅಂದು ನಾಯಿ ಬೊಗಳಲೇ ಇಲ್ಲ. ಮನೆಗೆ ಮಾತ್ರ ಯಾರೋ ಬಂದಾಗಿತ್ತು.

ಇಷ್ಟು ಕೇಳಿ, ಹಾಗಾದರೆ ವಾಚನ್ನು ಅಟ್ಟಕ್ಕೆ ಎಸೆಯೋಣವೇ ಎಂದು ನೀವು ಕೇಳಬಹುದು. ಬೇಡ. ಸೆನ್ಸರು ಹೇಳುವುದು ಸುಳ್ಳಲ್ಲ, ಅದು ಅರ್ಧ ಮಾತು. ಉಳಿದರ್ಧ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ.

ಅಮೆರಿಕದ ಎಂಐಟಿಯಲ್ಲಿ ರೊಸಾಲಿಂಡ್ ಪಿಕಾರ್ಡ್ ಎಂಬ ಪ್ರಾಧ್ಯಾಪಕಿ ಇದ್ದಾರೆ. ಯಂತ್ರಗಳಿಗೆ ಭಾವನೆ ತಿಳಿಯುವಂತೆ ಮಾಡುವ ವಿದ್ಯೆಗೆ ದಾರಿ ಹಾಕಿದವರು. ಒಂದು ಕ್ರಿಸ್‌ಮಸ್ ರಜೆಯಲ್ಲಿ ಅವರ ವಿದ್ಯಾರ್ಥಿಯೊಬ್ಬ ಬೆವರಿನ ಸೆನ್ಸರುಗಳನ್ನು ಊರಿಗೆ ಒಯ್ದ. ಅವನ ತಮ್ಮನಿಗೆ ಆಟಿಸಂ. ಮಾತು ಬಾರದು. ಅವನಿಗೆ ಯಾವಾಗ ಒತ್ತಡವಾಗುತ್ತದೆ ಎಂದು ತಿಳಿಯುವ ಆಸೆ. ಎರಡೂ ಕೈಗೆ ಕಟ್ಟಿದ. ದಾಖಲೆ ನೋಡುತ್ತಿದ್ದ ಪಿಕಾರ್ಡ್ ಬೆಚ್ಚಿದರು. ಒಂದು ಕೈಯ ಗೆರೆ ಬೆಟ್ಟದಂತೆ ಎದ್ದಿದೆ. ಇನ್ನೊಂದು ಕೈಯದು ಮಟ್ಟಸವಾಗಿದೆ. ಒತ್ತಡ ಒಂದೇ ಕೈಗೆ ಬರುವುದುಂಟೇ? ಯಂತ್ರ ಕೆಟ್ಟಿರಬೇಕು ಎಂದುಕೊಂಡರು. ಕೆಟ್ಟಿರಲಿಲ್ಲ. ಕೊನೆಗೆ ವಿದ್ಯಾರ್ಥಿಗೇ ಫೋನು ಮಾಡಿದರು. ಅವನು ದಿನಚರಿ ಬರೆದಿಟ್ಟಿದ್ದ. ಆ ಹೊತ್ತಿನ ಪುಟ ತೆಗೆದು ನೋಡಿದ. ಬೆಟ್ಟ ಎದ್ದದ್ದರ ಹಿಂದೆಯೇ ತಮ್ಮನಿಗೆ ಮೂರ್ಛೆ ಬಂದಿತ್ತು. ಅಪಸ್ಮಾರ.

ಅಲ್ಲಿಂದ ಸಂಶೋಧನೆ ಬೇರೆಯೇ ದಾರಿ ಹಿಡಿಯಿತು. ಮೂರ್ಛೆಯನ್ನು ಗುರುತಿಸಿ ಮನೆಯವರನ್ನು ಎಚ್ಚರಿಸುವ ಕೈಪಟ್ಟಿ ಬಂತು. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈ ಕತೆಯಲ್ಲಿ ನನಗೆ ಸೆನ್ಸರಿಗಿಂತ ದೊಡ್ಡದಾಗಿ ಕಾಣುವುದು ಆ ಹುಡುಗನ ದಿನಚರಿ. ಬೆಟ್ಟವನ್ನು ತೋರಿಸಿದ್ದು ಯಂತ್ರ. ಅದು ಏನೆಂದು ತಿಳಿಸಿದ್ದು ಒಂದು ಸಾಲಿನ ಬರಹ.

ಮತ್ತೊಮ್ಮೆ ಹೇಳುತ್ತೇನೆ. ಬೊಗಳು ನಿಜ. ಬಂದವರು ಯಾರೆಂದು ಎದ್ದು ಹೋಗಿ ನೋಡಬೇಕು. ಆದರೆ ನಮ್ಮ ಬದಲು ಬೇರೆಯವರು ಬಾಗಿಲಲ್ಲಿ ನಿಂತು, ಬಂದವನು ಕಳ್ಳನೇ ಎಂದು ತೀರ್ಮಾನಿಸಿದರೆ?

ಇದು ಬರಿಯ ಊಹೆಯಲ್ಲ. ಸುಳ್ಳುಪತ್ತೆ ಯಂತ್ರ ಮಾಡುತ್ತಾ ಬಂದದ್ದು ಇದನ್ನೇ. ಅದು ನೋಡುವುದೂ ಇವನ್ನೇ. ನಾಡಿ, ರಕ್ತದೊತ್ತಡ, ಉಸಿರು, ಬೆವರು. ಏರಿತು, ಆದ್ದರಿಂದ ಸುಳ್ಳು ಎಂದು ವಾದ. ಪೊಲೀಸರ ಮುಂದೆ ಕೂತ ನಿರಪರಾಧಿಗೂ ನಾಡಿ ಏರುವುದಿಲ್ಲವೇ? ಈ ವಿಚಾರ ನಮ್ಮ ರಾಜ್ಯದ ಪ್ರಕರಣವೊಂದರ ಹೆಸರಿನಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ ತಿಂಗಳು. ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ಪರೀಕ್ಷೆ, ಇವನ್ನು ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ಈ ತೀರ್ಪು ಪೊಲೀಸು ಠಾಣೆಗೆ ಸಂಬಂಧಿಸಿದ್ದು. ಅದರ ಹಿಂದಿನ ವಿವೇಕ ನಮ್ಮ ಕೆಲಸದ ಜಾಗಕ್ಕೂ ಬೇಕು. ನಾಳೆ ಕಂಪನಿಯೊಂದು ನೌಕರರಿಗೆ ಬಿಟ್ಟಿ ವಾಚು ಹಂಚಬಹುದು. ನಿಮ್ಮ ಆರೋಗ್ಯಕ್ಕೆ ಎನ್ನಬಹುದು. ಕಟ್ಟಿಕೊಳ್ಳುವ ಮೊದಲು ಮೂರು ಮಾತು ಕೇಳಿ. ಈ ಅಂಕಿ ಎಲ್ಲಿಗೆ ಹೋಗುತ್ತದೆ? ಯಾರು ನೋಡುತ್ತಾರೆ? ಬೇಡ ಎಂದರೆ ಬಿಡುತ್ತಾರೆಯೇ?

ಇನ್ನು ಕೊನೆಯ ಭಾಗ. ವಾಚು ಕಟ್ಟಿದವರು ಏನು ಮಾಡಬೇಕು?

ಒಂದು. ನಿಮ್ಮ ಅಂಕಿಯನ್ನು ನಿಮ್ಮದೇ ಹಳೆಯ ಅಂಕಿಯ ಜೊತೆ ಹೋಲಿಸಿ. ಪಕ್ಕದ ಮನೆಯವರ ಅಂಕಿಯ ಜೊತೆ ಬೇಡ. ಬಡಿತದ ವ್ಯತ್ಯಾಸ ಮನುಷ್ಯನಿಂದ ಮನುಷ್ಯನಿಗೆ, ವಯಸ್ಸಿನಿಂದ ವಯಸ್ಸಿಗೆ ಬೇರೆ.

ಎರಡು. ಒಂದು ಗಂಟೆಯ ಏರಿಳಿತಕ್ಕೆ ಬೆಚ್ಚಬೇಡಿ. ಎರಡು ಮೂರು ವಾರದ ನಡೆ ನೋಡಿ. ಮಲಗಿದಾಗಿನ ಅಂಕಿ ಎಚ್ಚರದ ಅಂಕಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಆಗ ಮೆಟ್ಟಿಲೂ ಇಲ್ಲ, ಕಾಫಿಯೂ ಇಲ್ಲ, ಮಹಿಷಾಸುರನೂ ಇಲ್ಲ.

ಮೂರು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಅಂಕಿ ಏರಿದಾಗ ಒಂದೇ ಸಾಲು ಬರೆಯಿರಿ. ‘ಮಗನ ಫೀಸಿನ ವಿಷಯ.’ ‘ಬಸ್ಸಿಗೆ ಓಡಿದೆ.’ ‘ಮ್ಯಾಚು.’ ಹದಿನೈದು ದಿನದಲ್ಲಿ, ಪದೇ ಪದೇ ಬರುವವರು ಯಾರೆಂದು ನಿಮಗೇ ತಿಳಿಯುತ್ತದೆ.

ನಾಲ್ಕು, ಎಲ್ಲಕ್ಕಿಂತ ಮುಖ್ಯ. ವಾಚು ಶಾಂತ ಎಂದಿತೆಂದು ನಿಮ್ಮ ನೋವನ್ನು ನೀವೇ ಅಲ್ಲಗಳೆಯಬೇಡಿ. ಮನಸ್ಸು ಭಾರವಾಗಿದ್ದರೆ ಮನುಷ್ಯರೊಂದಿಗೆ ಮಾತಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 2022ರಲ್ಲಿ ಶುರುವಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲಿ ಮಾತಾಡಬಹುದು. ಕಾಸು ಕೊಡಬೇಕಿಲ್ಲ. ನಂಬರು ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಮತ್ತೊಮ್ಮೆ, 14416.

ಕೇಳುಗರೇ, ಮುಗಿಸುವ ಮೊದಲು ಒಂದು ಗುಟ್ಟು ಹೇಳಿಬಿಡುತ್ತೇನೆ. ಈ ಸ್ಟುಡಿಯೋದಲ್ಲಿ ಕೂತಾಗ ಬಾಗಿಲು ಮುಚ್ಚಿತು. ಕೆಂಪು ದೀಪ ಹೊತ್ತಿತು. ಮೈಕು ಎದುರಿಗೆ. ಅದು ನಗುವುದಿಲ್ಲ, ತಲೆಯಾಡಿಸುವುದಿಲ್ಲ, ಹೂಂ ಎನ್ನುವುದಿಲ್ಲ. ಟ್ರಿಯರ್‌ನ ಪರೀಕ್ಷಕರು ನೆನಪಾದರು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ತೆರೆದ ಎಂ. ವಿ. ಗೋಪಾಲಸ್ವಾಮಿಯವರೂ ನೆನಪಾದರು. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮೈಕಿನ ಮುಂದೆ ಕೂತವರ ಅಂಗೈ ಬೆವರುವುದನ್ನು ಅವರು ಎಷ್ಟು ಸಲ ನೋಡಿರಬಹುದು ಎಂದು ಯೋಚಿಸಿದೆ.

ಈಗ ನನ್ನ ನಾಡಿ 96. ದಿನವೂ ಈ ಹೊತ್ತಿಗೆ 72 ಇರುತ್ತದೆ. ವಾಚು ಆಗಲೇ ಎರಡು ಸಲ ಗುಂಯ್ ಎಂದಿದೆ. ನೋಟ್‌ಬುಕ್ಕಿನಲ್ಲಿ ಇವತ್ತಿನ ಸಾಲು ಬರೆಯಬೇಕು. ಬಂದವರು ಯಾರು ಎಂದು ಯೋಚಿಸಬೇಕಾಗಿಲ್ಲ, ಗೊತ್ತಿದೆ.

‘ನೀವು’ ಎಂದು ಬರೆಯುತ್ತೇನೆ.